ತಕರಾರಿಲ್ಲ ಎಂದವನ ಮೇಲ್ಮನವಿ

1973ರ ಅಕ್ಟೋಬರ್ 10ರಂದು ಸ್ಪೈರೊ ಆಗ್ನ್ಯೂ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟು, ಅದೇ ದಿನ ಬಾಲ್ಟಿಮೋರಿನ ಫೆಡರಲ್ ನ್ಯಾಯಾಲಯದಲ್ಲಿ ಆರೋಪಿಯಾಗಿ ನಿಂತ. 1967ರ ಆದಾಯ ತೆರಿಗೆಯನ್ನು ವಂಚಿಸಿದ ಎಂಬುದು ಆರೋಪ. ಅದರ ಹಿಂದೆ ಮೇರಿಲ್ಯಾಂಡಿನ ಗುತ್ತಿಗೆ ವ್ಯವಹಾರಗಳಲ್ಲಿ ಲಂಚ ತಿಂದ ದೊಡ್ಡ ಕಥೆಯೇ ಇತ್ತು. ಆ ವರ್ಷ ಕೈಗೆ ಬಂದ ಹಣಕ್ಕೆ ತೆರಿಗೆ ಕಟ್ಟಬೇಕಿತ್ತು ಎಂದಷ್ಟನ್ನು ಅವನು ಒಪ್ಪಿದ, ಲಂಚದ ಮಾತನ್ನು ಅಲ್ಲಗಳೆದ. ಇನ್ನು ಆರೋಪಕ್ಕೆ ಉತ್ತರವೇನು ಎಂದರೆ, 'ಅಪರಾಧಿ' ಎಂದೂ ಹೇಳಲಿಲ್ಲ, 'ನಿರಪರಾಧಿ' ಎಂದೂ ಹೇಳಲಿಲ್ಲ. ಅವನ ಉತ್ತರ ಎರಡು ಲ್ಯಾಟಿನ್ ಪದಗಳದ್ದು: ನೋಲೊ ಕಾಂಟೆಂಡರೆ. ಸೆಣಸಲು ನನಗೆ ಇಷ್ಟವಿಲ್ಲ ಎಂದರ್ಥ. ಈ ಉತ್ತರ ಅಪರಾಧಿ ಎಂದು ಒಪ್ಪಿಕೊಂಡದ್ದಕ್ಕೆ ಪೂರ್ತಿ ಸಮಾನ ಎಂದು ನ್ಯಾಯಾಧೀಶ ವಾಲ್ಟರ್ ಹಾಫ್‌ಮನ್ ಅಲ್ಲಿಯೇ ತಿಳಿಸಿದರು. ಹತ್ತು ಸಾವಿರ ಡಾಲರ್ ದಂಡ, ಮೂರು ವರ್ಷ ಪ್ರೊಬೇಷನ್. ಜೈಲಿಲ್ಲ. ಆಗ್ನ್ಯೂ ಆಮೇಲೆ 1980ರಲ್ಲಿ ಆತ್ಮಕಥೆ ಬರೆದು, ತಾನು ಲಂಚ ಮುಟ್ಟಿದವನಲ್ಲ ಎಂದೇ ವಾದಿಸಿದ.

ಈ ಉತ್ತರವನ್ನು ಇಂಗ್ಲಿಷಿನಲ್ಲಿ ನೋ ಕಾಂಟೆಸ್ಟ್ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಹೊಸ ಪದ ಕಟ್ಟುವ ಅಗತ್ಯವಿಲ್ಲ, ನಮ್ಮ ತಾಲ್ಲೂಕು ಕಚೇರಿಗಳು ಬಹಳ ಹಿಂದೆಯೇ ಕೊಟ್ಟಿವೆ: ತಕರಾರಿಲ್ಲ. ಖಾತೆ ಬದಲಾವಣೆಗೆ ನೋಟಿಸು ಅಂಟಿಸುತ್ತಾರೆ. ಗಡುವಿನೊಳಗೆ ಯಾರೂ ತಕರಾರು ಹಾಕದಿದ್ದರೆ ಖಾತೆ ಬದಲಾಗುತ್ತದೆ. ತಕರಾರು ಹಾಕದೆ ಕೂತ ತಮ್ಮನು ಜಮೀನು ಅಣ್ಣನದೇ ಎಂದು ಒಪ್ಪಿದ್ದಾನೆಂದು ಅರ್ಥವಲ್ಲ. ವಕೀಲರ ಫೀಸಿಗೆ ದುಡ್ಡಿಲ್ಲದಿರಬಹುದು, ತಾಯಿ ಬದುಕಿರುವಷ್ಟು ದಿನ ಜಗಳ ಬೇಡ ಅನ್ನಿಸಿರಬಹುದು. ಅಲ್ಲಿ ಒಂದು ಸಮಾಧಾನವಿದೆ. ಖಾತೆ ಬದಲಾದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ, ಸಿವಿಲ್ ಕೋರ್ಟಿನ ಬಾಗಿಲು ತೆರೆದೇ ಇರುತ್ತದೆ. ಅಮೆರಿಕದ ಕ್ರಿಮಿನಲ್ ನ್ಯಾಯಾಲಯದಲ್ಲಿ ತಕರಾರಿಲ್ಲ ಎಂದವನಿಗೆ ಅಂಥ ಬಾಗಿಲು ಬಹುಮಟ್ಟಿಗೆ ಮುಚ್ಚುತ್ತದೆ. ಮೇಲ್ಮನವಿ ಎಂಬುದು ಅವನಿಗೆ ಹೆಸರಿಗಷ್ಟೇ ಉಳಿಯುತ್ತದೆ. ಹೀಗೆ ಮುಚ್ಚುವುದಕ್ಕೆ ನ್ಯಾಯಾಲಯಗಳು ಕೊಡುವ ಕಾರಣ ಈ ಉತ್ತರಕ್ಕೆ ಹೊಂದುತ್ತದೆಯೇ ಎಂಬ ಪ್ರಶ್ನೆ ನನ್ನನ್ನು ಕೆಲವು ಕಾಲದಿಂದ ಕಾಡುತ್ತಿದೆ.

ಮೊದಲು ಇದರ ಲಾಭವೇನು ಎಂದು ನೋಡೋಣ. ಯಾರಾದರೂ ಯಾಕೆ ಹೀಗೆ ಉತ್ತರಿಸಬೇಕು? ಹಳೆಯ ಕಾರಣ ಸಿವಿಲ್ ದಾವೆ. ಕುಡಿದು ಕಾರು ಓಡಿಸಿ ಒಬ್ಬರ ಕಾಲು ಮುರಿದವನು ಕ್ರಿಮಿನಲ್ ಕೋರ್ಟಿನಲ್ಲಿ 'ಹೌದು, ನಾನೇ ಮಾಡಿದೆ' ಎಂದರೆ, ನಾಳೆ ಗಾಯಾಳು ಪರಿಹಾರ ಕೇಳಿ ದಾವೆ ಹೂಡಿದಾಗ ಆ ಮಾತೇ ಅವನ ವಿರುದ್ಧ ಸಾಕ್ಷ್ಯವಾಗುತ್ತದೆ. ತಕರಾರಿಲ್ಲ ಎಂದರೆ ಶಿಕ್ಷೆ ಆಗುತ್ತದೆ, ಒಪ್ಪಿಕೊಂಡ ಮಾತು ಮಾತ್ರ ದಾಖಲೆಗೆ ಬರುವುದಿಲ್ಲ. ಈ ರಕ್ಷಣೆಯೂ ಎಲ್ಲ ಕಡೆ ಪೂರ್ತಿಯಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ಅಪರಾಧಗಳಿಗೆ ಅದು ಸಿಗುತ್ತದೆ, ಫೆಲನಿ ಎಂದು ಕರೆಯುವ ಗಂಭೀರ ಅಪರಾಧಗಳಿಗೆ ಸಿಗುವುದಿಲ್ಲ. ಆಗ್ನ್ಯೂ ಕೂಡ ಅದರಿಂದ ಪಾರಾಗಲಿಲ್ಲ. ಮೇರಿಲ್ಯಾಂಡಿನ ನಾಗರಿಕರು ಹೂಡಿದ ದಾವೆಯಲ್ಲಿ ಸೋತು, 1983ರಲ್ಲಿ ಬಡ್ಡಿ ಸಮೇತ ಎರಡೂವರೆ ಲಕ್ಷ ಡಾಲರಿಗೂ ಹೆಚ್ಚು ಹಣವನ್ನು ರಾಜ್ಯಕ್ಕೆ ಕಟ್ಟಿದ.

ಎರಡನೆಯ ಕಾರಣ ಮನುಷ್ಯನ ಮಾನಕ್ಕೆ ಸಂಬಂಧಿಸಿದ್ದು. ಹೆಂಡತಿ ಮಕ್ಕಳ ಎದುರು, ಊರ ಎದುರು, ತನ್ನ ಎದುರೇ 'ನಾನು ಮಾಡಿದೆ' ಎಂಬ ಐದಕ್ಷರದ ಮಾತನ್ನು ಉಚ್ಚರಿಸಲಾರದವರು ಇರುತ್ತಾರೆ. ಕೆಲವರು ಮಾಡಿದ್ದರಿಂದ ಉಚ್ಚರಿಸಲಾರರು, ಕೆಲವರು ಮಾಡದಿದ್ದರಿಂದ. ಕಾನೂನು ಇಬ್ಬರಿಗೂ ಒಂದೇ ರಿಯಾಯಿತಿ ಕೊಡುತ್ತದೆ: ಆ ಮಾತನ್ನು ಹೇಳಬೇಡ, ಶಿಕ್ಷೆ ಮಾತ್ರ ತಗೋ. 'ಮೌನಂ ಸಮ್ಮತಿ ಲಕ್ಷಣಂ' ಎಂದು ನಮ್ಮ ಹಿರಿಯರು ಮದುವೆ ಮಾತುಕತೆಯಲ್ಲಿ ಹೇಳುವಂತೆ. ತಲೆ ತಗ್ಗಿಸಿ ಕೂತ ಹುಡುಗಿಯ ಮೌನಕ್ಕೆ ಬೇರೆ ಅರ್ಥವೂ ಇದ್ದೀತು ಎಂದು ಯಾರೂ ಕೇಳುತ್ತಿರಲಿಲ್ಲ ಎನ್ನುವುದನ್ನೂ ಇಲ್ಲಿ ನೆನೆಯಬೇಕು.

ಇನ್ನು ನಷ್ಟದ ಬಾಬ್ತು. ಮೇಲ್ಮನವಿ ಎಂದರೆ ಮತ್ತೊಂದು ವಿಚಾರಣೆ ಅಲ್ಲ. ಮೇಲಿನ ನ್ಯಾಯಾಲಯ ಸಾಕ್ಷಿಗಳನ್ನು ಕರೆಯುವುದಿಲ್ಲ; ಕೆಳಗಿನ ನ್ಯಾಯಾಲಯದ ಕಡತವನ್ನು ಬಿಚ್ಚಿ, ನ್ಯಾಯಾಧೀಶರು ಎಲ್ಲಾದರೂ ಎಡವಿದರೇ ಎಂದು ನೋಡುತ್ತದೆ. ಬರಬಾರದ ಸಾಕ್ಷ್ಯವನ್ನು ಬಿಟ್ಟುಕೊಂಡರೇ? ಜ್ಯೂರಿಗೆ ಕಾನೂನನ್ನು ತಪ್ಪಾಗಿ ವಿವರಿಸಿದರೇ? ಇದ್ದ ಪುರಾವೆ ಸಾಲುತ್ತಿತ್ತೇ? ತಕರಾರಿಲ್ಲ ಎಂದವನ ಕಡತದಲ್ಲಿ ಇವು ಯಾವುವೂ ಇರುವುದಿಲ್ಲ. ಸಾಕ್ಷಿ ಬರಲಿಲ್ಲ, ಪಾಟೀಸವಾಲು ನಡೆಯಲಿಲ್ಲ, ಜ್ಯೂರಿ ಕೂರಲಿಲ್ಲ. ವಿಚಾರಣೆಯಲ್ಲಿ ತೀರ್ಪು ಕೊಡುವವರು ಬೇರೆಯವರು, ಆದ್ದರಿಂದ ಅವರ ತಪ್ಪಿನ ಮೇಲೆ ದೂರು ಹೇಳಬಹುದು. ಇಲ್ಲಿ ತೀರ್ಮಾನ ಮಾಡಿದವನು ನೀನೇ, ಯಾರ ಮೇಲೆ ದೂರುತ್ತೀಯ ಎಂದು ಕಾನೂನು ಕೇಳುತ್ತದೆ. ಮೇಲ್ಮನವಿಯನ್ನು ಸಂವಿಧಾನದತ್ತ ಹಕ್ಕು ಎಂದು ಅಮೆರಿಕದ ಸುಪ್ರೀಂ ಕೋರ್ಟು ಒಪ್ಪಿಯೂ ಇಲ್ಲ. 1894ರ ಒಂದು ತೀರ್ಪಿನಲ್ಲಿಯೇ, ಅದನ್ನು ಕೊಡುವುದು ಬಿಡುವುದು ಶಾಸನಸಭೆಗೆ ಬಿಟ್ಟದ್ದು ಎಂದಿದೆ. ಕೊಡುವವರು ಷರತ್ತು ಹಾಕಬಹುದು.

ಷರತ್ತು ಹೇಗಿರುತ್ತದೆ ಎಂಬುದಕ್ಕೆ ಮತ್ತೆ ಕ್ಯಾಲಿಫೋರ್ನಿಯಾವನ್ನು ನೋಡಬಹುದು. ಅಲ್ಲಿ ಫೆಲನಿ ಪ್ರಕರಣದಲ್ಲಿ ಅಪರಾಧ ಒಪ್ಪಿಕೊಂಡವನೂ, ತಕರಾರಿಲ್ಲ ಎಂದವನೂ ಆ ತೀರ್ಮಾನವನ್ನೇ ಪ್ರಶ್ನಿಸಿ ಮೇಲ್ಮನವಿ ಹಾಕಬೇಕೆಂದರೆ, ಕಲಾಪದ ಕಾನೂನುಬದ್ಧತೆಗೆ ಧಕ್ಕೆ ತರುವ ಕಾರಣ ಇಂಥದ್ದಿದೆ ಎಂದು ಪ್ರಮಾಣ ಮಾಡಿ ಬರೆದುಕೊಡಬೇಕು. ಅದಕ್ಕೆ 60 ದಿನಗಳ ಗಡುವು. ಅದನ್ನು ಓದಿ, ಮೇಲ್ಮನವಿಗೆ ಯೋಗ್ಯ ಕಾರಣವಿದೆ ಎಂದು ಪ್ರಮಾಣಪತ್ರ ಕೊಡಬೇಕಾದದ್ದು ಶಿಕ್ಷೆ ಕೊಟ್ಟ ನ್ಯಾಯಾಲಯವೇ. ಯಾರ ಮುಂದೆ 'ನನಗೇನೂ ಹೇಳುವುದಿಲ್ಲ' ಎಂದು ನಿಂತಿದ್ದನೋ ಅವರ ಮುಂದೆಯೇ, ಹೇಳುವುದು ಇದೆ ಎಂದು ಪ್ರಮಾಣ ಮಾಡಬೇಕು. ಪ್ರಮಾಣಪತ್ರ ಇಲ್ಲದೆ ಹೋಗಬಹುದಾದ ಓಣಿಗಳು ಒಂದೆರಡಿವೆ. ಪೊಲೀಸರ ಶೋಧನೆ ಅಕ್ರಮವೆಂಬ ವಾದವನ್ನು ಮುಂಚೆಯೇ ಎತ್ತಿ ಸೋತಿದ್ದರೆ ಅದನ್ನು ಮೇಲಕ್ಕೆ ಒಯ್ಯಬಹುದು, ಉತ್ತರ ಕೊಟ್ಟ ನಂತರ ಶಿಕ್ಷೆ ವಿಧಿಸುವಾಗ ಆದ ತಪ್ಪನ್ನು ಒಯ್ಯಬಹುದು. ಫೆಡರಲ್ ನ್ಯಾಯಾಲಯಗಳಲ್ಲಿ ಶೋಧನೆಯ ವಾದಕ್ಕೂ ಮುಂಚಿತವಾಗಿ ಬರವಣಿಗೆಯಲ್ಲಿ ಹಕ್ಕು ಕಾಯ್ದಿರಿಸಿಕೊಳ್ಳಬೇಕು, ಅದಕ್ಕೆ ನ್ಯಾಯಾಧೀಶರೂ ಸರ್ಕಾರವೂ ಒಪ್ಪಬೇಕು. ಎದುರಾಳಿಯ ಅನುಮತಿ ಪಡೆದು ಅವನ ಮೇಲೆ ದೂರು ಹೇಳುವ ಈ ವ್ಯವಸ್ಥೆಗೆ ನಾನಿನ್ನೂ ಒಗ್ಗಿಕೊಂಡಿಲ್ಲ.

ಇಷ್ಟೆಲ್ಲ ಬಿಗಿಗೆ ಕಾರಣವೇನು? 1975ರ ಮೆನ್ನಾ ಪ್ರಕರಣದ ಪುಟ್ಟ ತೀರ್ಪಿನ ಅಡಿಟಿಪ್ಪಣಿಯೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನು ಬಹಳ ಸ್ವಚ್ಛವಾಗಿ ಹೇಳಿದೆ. ವಕೀಲನ ಸಲಹೆ ಪಡೆದು, ತಿಳಿದು, ಸ್ವ ಇಚ್ಛೆಯಿಂದ ಮಾಡಿದ ತಪ್ಪೊಪ್ಪಿಗೆ ಎಷ್ಟು ನಂಬಲರ್ಹ ಎಂದರೆ, ಕೃತ್ಯ ನಡೆಸಿದನೋ ಇಲ್ಲವೋ ಎಂಬ ಪ್ರಶ್ನೆಯನ್ನೇ ಅದು ಪ್ರಕರಣದಿಂದ ತೆಗೆದುಹಾಕುತ್ತದೆ. ಪ್ರಶ್ನೆಯೇ ಇಲ್ಲವಾದ ಮೇಲೆ, ಆ ಪ್ರಶ್ನೆಗೆ ಉತ್ತರ ಹುಡುಕುವ ದಾರಿಯಲ್ಲಿ ಪೊಲೀಸರು ವಾರಂಟ್ ಇಲ್ಲದೆ ಮನೆ ಹೊಕ್ಕರೋ, ಸಾಕ್ಷಿಯನ್ನು ಬೆದರಿಸಿದರೋ ಎಂಬುದಕ್ಕೆ ಮಹತ್ವ ಉಳಿಯುವುದಿಲ್ಲ. ಒಪ್ಪತಕ್ಕ ತರ್ಕ. ಕದ್ದೆ ಎಂದು ತಾನೇ ಹೇಳಿದವನು, ಕದ್ದದ್ದನ್ನು ತೋರಿಸಿದ ದೀಪದ ಬಗ್ಗೆ ಜಗಳ ತೆಗೆದರೆ ಕೇಳುವವರು ಯಾರು?

ಆದರೆ ಈ ತರ್ಕದ ಇಡೀ ಭಾರ ನಿಂತಿರುವುದು 'ತಾನೇ ಹೇಳಿದ' ಎಂಬುದರ ಮೇಲೆ. ತಕರಾರಿಲ್ಲ ಎಂದವನು ಹೇಳಿಲ್ಲ. ಹೇಳದಿರುವುದಕ್ಕೆಂದೇ ಆ ಉತ್ತರ ಇರುವುದು. ಫೆಡರಲ್ ನಿಯಮಗಳು ಈ ವ್ಯತ್ಯಾಸವನ್ನು ಬಲ್ಲವು ಕೂಡ. ಆರೋಪಿ ಅಪರಾಧ ಒಪ್ಪಿದಾಗ, ಒಪ್ಪಿಗೆಗೆ ವಾಸ್ತವದ ಆಧಾರವಿದೆಯೇ ಎಂದು ನ್ಯಾಯಾಧೀಶರು ಖಾತ್ರಿ ಮಾಡಿಕೊಳ್ಳಬೇಕು. ತಕರಾರಿಲ್ಲ ಎಂದಾಗ ಹಾಗೆ ಖಾತ್ರಿ ಮಾಡಿಕೊಳ್ಳಬೇಕೆಂಬ ನಿಯಮವಿಲ್ಲ. ಹಾಗಾದರೆ ಅಪರಾಧ ನಡೆಯಿತೆಂದು ಹೇಳಬಲ್ಲ ಮೂವರಲ್ಲಿ ಯಾರು ಹೇಳಿದರು? ಜ್ಯೂರಿ ಕೂತಿಲ್ಲ, ನ್ಯಾಯಾಧೀಶರು ನೋಡಬೇಕಿಲ್ಲ, ಆರೋಪಿ ಬಾಯಿ ಬಿಟ್ಟಿಲ್ಲ. ಆದರೂ ಶಿಕ್ಷೆ ಇದೆ, ಮತ್ತು ಒಪ್ಪಿಕೊಂಡವನಿಗೆ ಮುಚ್ಚಿದ ಬಾಗಿಲೇ ಇವನಿಗೂ ಮುಚ್ಚುತ್ತದೆ. ಒಂದು ಉತ್ತರಕ್ಕೆಂದು ಹೊಲಿದ ಅಂಗಿಯನ್ನು ಇನ್ನೊಂದಕ್ಕೆ ತೊಡಿಸಿದಂತೆ ನನಗೆ ಕಾಣುತ್ತದೆ.

ಇಲ್ಲಿ ಹೆನ್ರಿ ಆಲ್ಫರ್ಡ್‌ನನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 1963ರಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ಅವನ ಮೇಲೆ ಮೊದಲ ದರ್ಜೆಯ ಕೊಲೆಯ ಆರೋಪ ಬಂತು. ವಿಚಾರಣೆ ನಡೆದು ಸೋತರೆ ಮರಣದಂಡನೆ ಬರಬಹುದಿತ್ತು. ಎರಡನೆಯ ದರ್ಜೆಯ ಕೊಲೆಗೆ ಅಪರಾಧಿ ಎಂದು ಒಪ್ಪಿಕೊಂಡ. ಒಪ್ಪಿಕೊಳ್ಳುತ್ತಲೇ, ನಾನು ಯಾರನ್ನೂ ಕೊಂದಿಲ್ಲ, ಒಪ್ಪದಿದ್ದರೆ ಸಾಯಿಸುತ್ತಾರೆ ಎಂಬುದಕ್ಕಾಗಿ ಒಪ್ಪುತ್ತಿದ್ದೇನೆ ಎಂದು ನ್ಯಾಯಾಲಯಕ್ಕೇ ಹೇಳಿದ. 30 ವರ್ಷ ಶಿಕ್ಷೆಯಾಯಿತು. ಈ ಒಪ್ಪಿಗೆಗೆ ಬೆಲೆ ಇದೆಯೇ ಎಂಬ ಪ್ರಶ್ನೆ 1970ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಾಗ, ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ವೈಟ್ ಇದೆ ಎಂದರು. ಅವನ ವಿರುದ್ಧ ಬಲವಾದ ಸಾಕ್ಷ್ಯವಿತ್ತು, ಅವನು ಲೆಕ್ಕ ಹಾಕಿ ಆಯ್ದುಕೊಂಡ ಎಂಬುದು ಅವರ ವಾದ. ಅದಕ್ಕೆ ಅವರು ತಂದ ಆಸರೆಗಳಲ್ಲಿ ಒಂದು ಈ ನೋಲೊ ಕಾಂಟೆಂಡರೆ: ತಪ್ಪೊಪ್ಪದೆಯೇ ಜೈಲಿಗೆ ಹೋಗುವ ಪದ್ಧತಿ ನಮ್ಮಲ್ಲಿ ಮೊದಲೇ ಇದೆಯಲ್ಲ, 1926ರಲ್ಲಿ ಈ ನ್ಯಾಯಾಲಯವೇ ಅದನ್ನು ಒಪ್ಪಿದೆಯಲ್ಲ ಎಂಬಂತೆ. ಬ್ರೆನನ್, ಡಗ್ಲಸ್, ಮಾರ್ಷಲ್ ಭಿನ್ನಮತ ಕೊಟ್ಟರು. ಆಲ್ಫರ್ಡ್ 1975ರಲ್ಲಿ ಜೈಲಿನಲ್ಲೇ ತೀರಿಕೊಂಡ. ಅವನ ಹೆಸರು ಈಗ ಒಂದು ಬಗೆಯ ಉತ್ತರದ ಹೆಸರಾಗಿದೆ. ನಿರಪರಾಧಿ ಎನ್ನುತ್ತಲೇ ಶಿಕ್ಷೆಗೆ ಒಪ್ಪುವುದನ್ನು ವಕೀಲರು ಆಲ್ಫರ್ಡ್ ಪ್ಲೀ ಎನ್ನುತ್ತಾರೆ.

ನಂಬಲರ್ಹ ಒಪ್ಪಿಗೆ ಎಂಬ ಕಾರಣ ಇಲ್ಲಿ ಹೊಂದುವುದಿಲ್ಲ ಎಂದಾದರೆ ಉಳಿಯುವುದು ಇನ್ನೊಂದೇ: ಕರಾರು. ನೀನು ಕೊಟ್ಟ ಮಾತು ಇದು. ಸರ್ಕಾರ ಕೆಲವು ಆರೋಪ ಕೈಬಿಟ್ಟಿತು ಇಲ್ಲವೇ ಶಿಕ್ಷೆ ತಗ್ಗಿಸಿತು, ನೀನು ಜಗಳ ಕೈಬಿಟ್ಟೆ. ರಿಯಾಯಿತಿ ಜೇಬಿಗೆ ಹಾಕಿಕೊಂಡು ಮತ್ತೆ ಜಗಳಕ್ಕೆ ನಿಲ್ಲುವುದು ಸರಿಯೇ? ಈ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಸರ್ಕಾರ ಕೈಬಿಟ್ಟದ್ದೂ ಮತ್ತೆ ಸುಲಭವಾಗಿ ಸಿಗುವಂಥದ್ದಲ್ಲ. ವಿಚಾರಣೆ ನಡೆಯದೇ ಹೋದದ್ದರಿಂದ ಸಾಕ್ಷಿಗಳ ಹೇಳಿಕೆ ದಾಖಲಾಗಿಲ್ಲ. ಹತ್ತು ವರ್ಷದ ಮೇಲೆ ಪ್ರಕರಣ ಮತ್ತೆ ತೆರೆದರೆ ಕೆಲವರು ಸತ್ತಿರುತ್ತಾರೆ, ಕೆಲವರಿಗೆ ನೆನಪಿರುವುದಿಲ್ಲ, ನೆನಪಿರುವವರಿಗೆ ಆ ದಿನವನ್ನು ಮತ್ತೆ ನೆನೆಯುವುದು ಬೇಕಿರುವುದಿಲ್ಲ. ಮಗಳನ್ನು ಕಳಕೊಂಡ ತಾಯಿಗೆ 'ಮುಗಿಯಿತು' ಎಂದು ಹೇಳಿ, ಮುಗಿದಿಲ್ಲ ಎಂದು ಮತ್ತೆ ಸಮನ್ಸು ಕಳಿಸುವುದು ಸಣ್ಣ ಮಾತಲ್ಲ. ಮುಕ್ತಾಯಕ್ಕೆ ಒಂದು ನೈತಿಕ ಬೆಲೆ ಇದೆ. ಆರೋಪಿಗೂ ಇದೆ. ತೀರ್ಪು ಯಾವಾಗ ಬೇಕಾದರೂ ಕಳಚಿಬೀಳಬಹುದಾದರೆ ಯಾವ ಸರ್ಕಾರಿ ವಕೀಲನೂ ರಿಯಾಯಿತಿ ಕೊಡುವುದಿಲ್ಲ.

ಸರಿ, ಕರಾರು ಎನ್ನೋಣ. ಹಾಗಾದರೆ ಕರಾರನ್ನು ನಾವು ಸಂತೆಯಲ್ಲಿ ಅಳೆಯುವಂತೆಯೇ ಅಳೆಯಬೇಕು. ಕೊಡುವವನಿಗೆ ತಾನು ಏನು ಕೊಡುತ್ತಿದ್ದೇನೆ ಎಂದು ಗೊತ್ತಿತ್ತೇ? ಇಲ್ಲ ಎನ್ನುವ ಸ್ವಾತಂತ್ರ್ಯ ಇತ್ತೇ?

ಎರಡನೆಯ ಪ್ರಶ್ನೆಗೆ ಕೆಂಟಕಿಯ ಪಾಲ್ ಹೇಯ್ಸ್‌ನ ಕಥೆ ಇದೆ. 88 ಡಾಲರ್ 30 ಸೆಂಟಿನ ಖೋಟಾ ಚೆಕ್ಕು ಚಲಾಯಿಸಿದ ಆರೋಪ. ಎರಡರಿಂದ ಹತ್ತು ವರ್ಷದ ಶಿಕ್ಷೆಗೆ ಅವಕಾಶವಿದ್ದ ಅಪರಾಧ. ತಪ್ಪೊಪ್ಪಿಕೊಂಡರೆ ಐದು ವರ್ಷಕ್ಕೆ ಶಿಫಾರಸು ಮಾಡುತ್ತೇನೆ, ಇಲ್ಲವಾದರೆ ನೀನು ರೂಢಿಗತ ಅಪರಾಧಿ ಎಂದು ಹೊಸ ಆರೋಪ ಹೊರಿಸುತ್ತೇನೆ ಎಂದ ಸರ್ಕಾರಿ ವಕೀಲ. ಹಳೆಯ ಎರಡು ಪ್ರಕರಣಗಳಿದ್ದುದರಿಂದ ಹಾಗೆ ಮಾಡಿದರೆ ಜೀವಾವಧಿ ಶಿಕ್ಷೆ ಕಡ್ಡಾಯ. ಹೇಯ್ಸ್ ಒಪ್ಪಲಿಲ್ಲ. ವಿಚಾರಣೆ ಕೇಳಿದ, ಸೋತ, ಜೀವಾವಧಿ ಶಿಕ್ಷೆ ಪಡೆದ. 1978ರಲ್ಲಿ ಸುಪ್ರೀಂ ಕೋರ್ಟು ಐದು–ನಾಲ್ಕರ ಬಹುಮತದಲ್ಲಿ ಇದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ಹೊಸ ಆರೋಪ ಹೊರಿಸಲು ಆಧಾರವಿತ್ತು, ಬೆದರಿಕೆ ಬಚ್ಚಿಟ್ಟದ್ದಲ್ಲ, ಇದು ಚೌಕಾಸಿಯ ಕೊಡುಕೊಳೆ ಎಂಬ ವಾದ. ನಾವು ಹೇಯ್ಸ್‌ನನ್ನು ನೆನಪಿಡುವುದು ಅವನು ಇಲ್ಲ ಎಂದದ್ದಕ್ಕೆ. ಅವನ ಗತಿ ನೋಡಿದ ಮೇಲೆ ಹೂಂ ಎಂದವರ ಹೆಸರು ಯಾವ ತೀರ್ಪಿನಲ್ಲೂ ಇಲ್ಲ. ಅವರು ತಲೆಬಾಗಿ ಹೊರಟುಹೋದರು. 2012ರ ಒಂದು ತೀರ್ಪಿನಲ್ಲಿ ನ್ಯಾಯಮೂರ್ತಿ ಕೆನೆಡಿ ಬರೆದ ಲೆಕ್ಕ ಇದು: ಫೆಡರಲ್ ನ್ಯಾಯಾಲಯಗಳಲ್ಲಿ ದೋಷಿಗಳೆಂದು ತೀರ್ಮಾನವಾದ ಪ್ರಕರಣಗಳಲ್ಲಿ ಶೇ. 97, ರಾಜ್ಯಗಳಲ್ಲಿ ಶೇ. 94 ವಿಚಾರಣೆ ಇಲ್ಲದೆ, ಆರೋಪಿಯ ಒಪ್ಪಿಗೆಯ ಮೇಲೆ ಆದಂಥವು. ಸಿನಿಮಾಗಳಲ್ಲಿ ನಾವು ನೋಡುವ ಹನ್ನೆರಡು ಜನರ ಜ್ಯೂರಿ, ಕರಿಕೋಟಿನ ವಾದ, ಕೊನೆಯ ಗಳಿಗೆಯ ಸಾಕ್ಷಿ, ಇವೆಲ್ಲ ಉಳಿದ ಮೂರು ಅಥವಾ ಆರು ಜನಕ್ಕೆ.

ಮೊದಲ ಪ್ರಶ್ನೆಯದು ಇನ್ನೂ ಕಷ್ಟ. 1948ರಲ್ಲಿ ಟೆನೆಸಿ ರಾಜ್ಯದಲ್ಲಿ ಹೆಂಡರ್‌ಸನ್ ಎಂಬ ಕಪ್ಪು ಮನುಷ್ಯನ ಮೇಲೆ ಗ್ರ್ಯಾಂಡ್ ಜ್ಯೂರಿ ಕೊಲೆಯ ಆರೋಪ ಹೊರಿಸಿತು. ವಕೀಲನ ಸಲಹೆಯಂತೆ ತಪ್ಪೊಪ್ಪಿಕೊಂಡ, 99 ವರ್ಷ ಶಿಕ್ಷೆಯಾಯಿತು. ಎಷ್ಟೋ ವರ್ಷಗಳ ಮೇಲೆ ಎದ್ದ ತಕರಾರು ಇದು: ಆ ಜಿಲ್ಲೆಯ ಗ್ರ್ಯಾಂಡ್ ಜ್ಯೂರಿಗಳಿಂದ ಕಪ್ಪು ಜನರನ್ನು ವ್ಯವಸ್ಥಿತವಾಗಿ ಹೊರಗಿಡಲಾಗುತ್ತಿತ್ತು. ಉತ್ತರ ಕೊಡುವ ಹೊತ್ತಿಗೆ ಅದು ಹೆಂಡರ್‌ಸನ್‌ಗೆ ಗೊತ್ತಿರಲಿಲ್ಲ, ಅವನ ವಕೀಲನಿಗೂ ಗೊತ್ತಿರಲಿಲ್ಲ. ಮೇಲ್ಮನವಿಯ ದಾರಿಯಲ್ಲಲ್ಲ, ಹೇಬಿಯಸ್ ಕಾರ್ಪಸ್ ದಾರಿಯಲ್ಲಿ ಪ್ರಕರಣ ಸುಪ್ರೀಂ ಕೋರ್ಟು ಮುಟ್ಟಿತು. 1973ರಲ್ಲಿ, ಆಗ್ನ್ಯೂ ಬಾಲ್ಟಿಮೋರಿನಲ್ಲಿ ನಿಂತ ವರ್ಷವೇ, ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ತೀರ್ಪು ಬರೆದರು. ತಪ್ಪೊಪ್ಪಿಗೆಯಿಂದ ಹಿಂದಿನ ಘಟನೆಗಳ ಸರಪಳಿ ಅಲ್ಲಿಗೆ ತುಂಡಾಗುತ್ತದೆ. ಅದಕ್ಕೂ ಮುಂಚೆ ನಡೆದ ಹಕ್ಕುಚ್ಯುತಿಯನ್ನು ಆರೋಪಿ ಆಮೇಲೆ ಎತ್ತುವಂತಿಲ್ಲ. ವಕೀಲನ ಸಲಹೆ ತೀರಾ ಅಸಮರ್ಥವಾಗಿತ್ತೆಂದು ತೋರಿಸಿದರೆ ಮಾತ್ರ ದಾರಿ ಉಂಟು. ಮೂವರು ಭಿನ್ನಮತ ಕೊಟ್ಟರು, ಮಾರ್ಷಲ್ ಅವರಲ್ಲೊಬ್ಬರು. ಈ ಸರಪಳಿಯ ಮಾತೇ ಇವತ್ತಿಗೂ ಮೇಲ್ಮನವಿಗಳನ್ನು ತಡೆಯುವ ಮುಖ್ಯ ಸೂತ್ರ, ತಕರಾರಿಲ್ಲ ಎಂದವರಿಗೂ ಅದೇ ಅನ್ವಯ.

ಸರಪಳಿ ಎಂಬ ಉಪಮೆಯಲ್ಲೇ ನನಗೆ ಎಡವಟ್ಟು ಕಾಣುತ್ತದೆ. ಹೆಂಡರ್‌ಸನ್ ತಪ್ಪೊಪ್ಪಿಕೊಳ್ಳುವ ಸ್ಥಿತಿಗೆ ಬಂದದ್ದು ಆ ಗ್ರ್ಯಾಂಡ್ ಜ್ಯೂರಿ ಆರೋಪ ಹೊರಿಸಿದ್ದರಿಂದ. ಅವನನ್ನು ಆ ಕೋಣೆಗೆ ಎಳೆತಂದದ್ದು ಅದೇ ಸರಪಳಿ. ಎಳೆತಂದ ಮೇಲೆ ಸರಪಳಿ ಇಲ್ಲ ಎನ್ನುವುದು ಹೇಗೆ? ಅವನು ನಿಜವಾಗಿ ಕೊಂದಿದ್ದರೂ ಇರಬಹುದು. ತನ್ನ ಜನರನ್ನು ಪಂಚರ ಸಾಲಿನಲ್ಲಿ ಕೂರಿಸದ ಊರು ತನ್ನ ಮೇಲೆ ಆರೋಪ ಹೊರಿಸಲು ಅರ್ಹವೇ ಎಂದು ಕೇಳುವ ಹಕ್ಕು ಅದರಿಂದ ಕರಗುವುದಿಲ್ಲ. ಮುಖ್ಯವಾಗಿ, ಇದೆ ಎಂದೇ ತಿಳಿಯದ ಹಕ್ಕನ್ನು ಅವನು ಬಿಟ್ಟುಕೊಟ್ಟ ಎನ್ನುವುದು ಹೊಲ ಮಾರಿದವನಿಗೆ, ಅದರಡಿ ಹೂತಿದ್ದ ನಿನ್ನಜ್ಜನ ಕೊಪ್ಪರಿಗೆಯನ್ನೂ ನೀನು ತಿಳಿದೇ ಮಾರಿದೆ ಎಂದಂತೆ.

ನ್ಯಾಯಾಲಯಗಳಿಗೂ ಇದು ಒಳಗೊಳಗೇ ಚುಚ್ಚಿರಬೇಕು, ಅಲ್ಲಲ್ಲಿ ಕಿಂಡಿಗಳನ್ನು ಬಿಟ್ಟಿವೆ. ಮೇಲೆ ಹೇಳಿದ ಮೆನ್ನಾ ಅಂಥದ್ದು. ಗ್ರ್ಯಾಂಡ್ ಜ್ಯೂರಿಯ ಮುಂದೆ ಸಾಕ್ಷಿ ಹೇಳಲು ನಿರಾಕರಿಸಿದ್ದಕ್ಕೆ ನಿಂದನೆಯ ಶಿಕ್ಷೆ ಒಮ್ಮೆ ಅನುಭವಿಸಿದವನ ಮೇಲೆ ಅದೇ ನಿರಾಕರಣೆಗೆ ಮತ್ತೆ ಆರೋಪ ಹೊರಿಸಿದರು. ತಪ್ಪೊಪ್ಪಿಕೊಂಡಿದ್ದರೂ, ಒಂದೇ ತಪ್ಪಿಗೆ ಎರಡು ಸಲ ಎಳೆಯಬಾರದು ಎಂಬ ವಾದ ಉಳಿಯುತ್ತದೆ ಎಂದಿತು ಕೋರ್ಟು. ಅಲ್ಲಿ ಪ್ರಶ್ನೆ, ಕೃತ್ಯ ಮಾಡಿದನೇ ಎಂಬುದಲ್ಲ. ಸರ್ಕಾರ ಅವನನ್ನು ಕೋರ್ಟಿಗೆ ತರಲೇಬಹುದಿತ್ತೇ ಎಂಬುದು. 2018ರಲ್ಲಿ ರಾಡ್ನಿ ಕ್ಲಾಸ್ ಎಂಬವನ ಪ್ರಕರಣ ಬಂತು. ವಾಷಿಂಗ್ಟನ್ನಿನ ಕ್ಯಾಪಿಟಲ್ ಆವರಣದಲ್ಲಿ ನಿಲ್ಲಿಸಿದ್ದ ತನ್ನ ಜೀಪಿನಲ್ಲಿ ಬಂದೂಕುಗಳನ್ನು ಇಟ್ಟುಕೊಂಡಿದ್ದವನು ಅವನು. ತಪ್ಪೊಪ್ಪಿಕೊಂಡ ಮೇಲೆ ಆ ಕಾನೂನೇ ಸಂವಿಧಾನವಿರೋಧಿ ಎಂದು ಮೇಲ್ಮನವಿ ಹಾಕಿದ. ಬರಿಯ ತಪ್ಪೊಪ್ಪಿಗೆ ಆ ದಾರಿಯನ್ನು ಮುಚ್ಚುವುದಿಲ್ಲ ಎಂದು ಆರು–ಮೂರರ ಬಹುಮತದಲ್ಲಿ ತೀರ್ಪಾಯಿತು. ಕೊನೆಗೆ ಕೆಳಗಿನ ಮೇಲ್ಮನವಿ ನ್ಯಾಯಾಲಯದಲ್ಲಿ ವಾದ ಕೇಳಿಸಿಕೊಂಡ ಮೇಲೆ ಅವನು ಸೋತ. ಕೇಳಿಸಿಕೊಂಡ ಮೇಲೆ ಸೋಲುವುದು ಬೇರೆ.

2019ರ ಗಾರ್ಜಾ ಪ್ರಕರಣ ನನಗೆ ಇವೆಲ್ಲಕ್ಕಿಂತ ಹತ್ತಿರದ್ದು. ಐಡಹೊ ರಾಜ್ಯದ ಗಾರ್ಜಾ ಎರಡು ಒಪ್ಪಂದಗಳಿಗೆ ಸಹಿ ಹಾಕಿದ್ದ, ಅವುಗಳಲ್ಲಿ ಒಂದು ಆಲ್ಫರ್ಡ್ ಬಗೆಯದು. ಎರಡರಲ್ಲೂ ಮೇಲ್ಮನವಿಯ ಹಕ್ಕು ಬಿಟ್ಟುಕೊಟ್ಟಿದ್ದೇನೆ ಎಂಬ ಸಾಲಿತ್ತು. ಶಿಕ್ಷೆಯಾದ ಮೇಲೆ ಮೇಲ್ಮನವಿ ಹಾಕಿ ಎಂದು ವಕೀಲನಿಗೆ ಮತ್ತೆ ಮತ್ತೆ ಹೇಳಿದ. ಆ ಸಾಲು ಇದೆಯಲ್ಲ ಎಂದು ವಕೀಲ ಹಾಕಲಿಲ್ಲ, ಗಡುವು ಮುಗಿಯಿತು. ಹಕ್ಕು ಬಿಟ್ಟುಕೊಟ್ಟ ಯಾವ ಬರಹವೂ ಎಲ್ಲ ವಾದಗಳನ್ನೂ ಸಂಪೂರ್ಣ ಮುಚ್ಚಲಾರದು, ಆದ್ದರಿಂದ ವಕೀಲ ಅರ್ಜಿ ಹಾಕಲೇಬೇಕಿತ್ತು ಎಂದು ನ್ಯಾಯಮೂರ್ತಿ ಸೊಟೊಮೇಯರ್ ಬರೆದರು. ಗೆಲ್ಲುವ ಸಾಧ್ಯತೆ ಇತ್ತೇ ಎಂದು ಗಾರ್ಜಾ ತೋರಿಸಬೇಕಾಗಿಲ್ಲ ಎಂದೂ ಹೇಳಿದರು. ಬಿಟ್ಟುಕೊಟ್ಟ ಮೇಲೂ ಏನೋ ಉಳಿದಿರುತ್ತದೆ ಎಂದು ಒಪ್ಪಿದ ತೀರ್ಪು ಇದು.

ಇದು ದೂರದ ದೇಶದ ಸಂಗತಿ ಎಂದು ನಾವು ಬದಿಗಿಡುವಂತಿಲ್ಲ. ಬೆಂಗಳೂರು ಮೈಸೂರಿನಿಂದ ಹೋಗಿ ಸ್ಯಾನ್ ಹೋಸೆ, ಡಲ್ಲಾಸ್ ಕಡೆ ನೆಲೆಸಿದ ಕನ್ನಡಿಗರಿಗೆ ಒಂದು ವಿಶೇಷ ಅಪಾಯವಿದೆ. ತಕರಾರಿಲ್ಲ ಎಂದದ್ದು ತಪ್ಪೊಪ್ಪಿಗೆ ಅಲ್ಲವಲ್ಲ, ವೀಸಾಗೆ ತೊಂದರೆಯಿಲ್ಲ ಎಂದುಕೊಳ್ಳಬಹುದು. ಅಮೆರಿಕದ ವಲಸೆ ಕಾನೂನು 'ದೋಷಿ ಎಂದು ತೀರ್ಮಾನ' ಎಂಬುದಕ್ಕೆ ಕೊಡುವ ವ್ಯಾಖ್ಯೆಯಲ್ಲಿ, ಒಂದಿಷ್ಟು ಶಿಕ್ಷೆಯೂ ಸೇರಿದ್ದರೆ, ನೋಲೊ ಕಾಂಟೆಂಡರೆ ಹೆಸರು ಹಿಡಿದೇ ಸೇರಿದೆ. ಗಡೀಪಾರಿನ ಅಪಾಯವನ್ನು ವಕೀಲ ತಿಳಿಸಲೇಬೇಕು ಎಂದು 2010ರ ಪಡಿಲ್ಲಾ ತೀರ್ಪು ಹೇಳಿದೆ.

ಭಾರತದಲ್ಲಿ ಈ ಮೂರನೆಯ ಉತ್ತರ ಇಲ್ಲ. ಆದರೆ ಬಾಗಿಲು ಮುಚ್ಚುವ ಕ್ರಮ ಇದೆ. ದಂಡ ಪ್ರಕ್ರಿಯಾ ಸಂಹಿತೆಯ 375ನೇ ಕಲಮಿನ ಪ್ರಕಾರ, ತಪ್ಪೊಪ್ಪಿಕೊಂಡು ಶಿಕ್ಷೆಗೊಳಗಾದವನು ಸಾಮಾನ್ಯವಾಗಿ ಶಿಕ್ಷೆಯ ಪ್ರಮಾಣ ಇಲ್ಲವೇ ಕಾನೂನುಬದ್ಧತೆಯ ಮೇಲೆ ಮಾತ್ರ ಮೇಲ್ಮನವಿ ಹಾಕಬಹುದು. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು ಉಳಿದಿದೆ. 1980ರಲ್ಲಿ ಗುಜರಾತಿನ ಒಂದು ಆಹಾರ ಕಲಬೆರಕೆ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು, ಕಡಿಮೆ ಶಿಕ್ಷೆಯ ಆಸೆ ತೋರಿಸಿ ಪಡೆದ ತಪ್ಪೊಪ್ಪಿಗೆಯ ಮೇಲೆ ಶಿಕ್ಷಿಸುವುದು 21ನೇ ವಿಧಿಗೆ ವಿರುದ್ಧ ಎಂದರು. ದೀರ್ಘ ವಿಚಾರಣೆಗೆ ಹೆದರಿ ನಿರಪರಾಧಿಯೂ ಒಪ್ಪಿಬಿಟ್ಟಾನು ಎಂಬುದು ಅವರ ಆತಂಕ. ಕಾಲು ಶತಮಾನದ ಮೇಲೆ, 2006ರ ಜುಲೈಯಿಂದ, ಅದೇ ಚೌಕಾಸಿಯನ್ನು ನಾವು ಕಾನೂನಾಗಿಯೇ ತಂದೆವು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ, ಕೆಲವನ್ನು ಬಿಟ್ಟು, ಅನ್ವಯಿಸುವ ಈ ಕ್ರಮದಲ್ಲಿ ಬಂದ ತೀರ್ಪಿಗೆ ಮೇಲ್ಮನವಿ ಇಲ್ಲ. ಸುಪ್ರೀಂ ಕೋರ್ಟಿನ ವಿಶೇಷ ಅನುಮತಿ, ಹೈಕೋರ್ಟಿನ ರಿಟ್, ಇವಿಷ್ಟೇ ಉಳಿದವು. ಪೆಟ್ಟಿ ಕೇಸಿನ ದಿನ ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲಿ 'ತಪ್ಪಾಯ್ತು ಅಂದು ಫೈನ್ ಕಟ್ಟಿ ಹೋಗಿ' ಎಂಬ ಸಲಹೆಗೆ ತಲೆಯಾಡಿಸುವವರಿಗೆ 375ನೇ ಕಲಮಿನ ಪರಿಚಯ ಇರುತ್ತದೆಂದು ನಾನು ನಂಬಲಾರೆ.

ತಿಳಿದು ಕೈಬಿಟ್ಟದ್ದನ್ನು ಮತ್ತೆ ಕೇಳಲು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅಕ್ರಮ ಶೋಧನೆ ನಡೆದದ್ದು ಗೊತ್ತಿದ್ದೂ, ಲೆಕ್ಕ ಹಾಕಿ ತಕರಾರಿಲ್ಲ ಎಂದವನು ಆ ಲೆಕ್ಕಕ್ಕೆ ಬದ್ಧನಾಗಿರಲಿ. ಉತ್ತರ ಕೊಡುವ ದಿನ ಅವನಿಗೂ ವಕೀಲನಿಗೂ ಕಾಣದಂತೆ ಇದ್ದದ್ದು, ಅದರ ಕೀಲಿ ಸರ್ಕಾರದ ಬಳಿಯೇ ಇದ್ದದ್ದು, ಅದು ಬೇರೆ. ಅಪರಾಧ ಒಪ್ಪಿದವನಿಗೆ ಅದನ್ನು ಕೊಡಬೇಕೋ ಬೇಡವೋ ಎಂದು ಚರ್ಚಿಸಬಹುದು. ಒಪ್ಪದವನಿಗೆ, ಅಂದರೆ ಯಾರೂ ಸತ್ಯ ನಿರ್ಧರಿಸಿರದ ಪ್ರಕರಣದಲ್ಲಿ, ನಿರಾಕರಿಸುವುದಕ್ಕೆ ನನಗೆ ಕಾರಣ ಸಿಗುತ್ತಿಲ್ಲ. ಕೊನೆಯಪಕ್ಷ ಹೇಳಿಯಾದರೂ ತೆಗೆದುಕೊಳ್ಳಬೇಕು. ಫೆಡರಲ್ ನ್ಯಾಯಾಲಯಗಳ ಹನ್ನೊಂದನೆಯ ನಿಯಮದಲ್ಲಿ ನ್ಯಾಯಾಧೀಶರು ಆರೋಪಿಗೆ ನೇರವಾಗಿ ತಿಳಿಸಬೇಕಾದ ಸಂಗತಿಗಳ ಉದ್ದನೆಯ ಪಟ್ಟಿಯಿದೆ: ಜ್ಯೂರಿ ವಿಚಾರಣೆ ಹೋಗುತ್ತದೆ, ಪಾಟೀಸವಾಲು ಹೋಗುತ್ತದೆ, ಗರಿಷ್ಠ ಶಿಕ್ಷೆ ಇಷ್ಟು, ನಾಗರಿಕನಲ್ಲದಿದ್ದರೆ ಗಡೀಪಾರಾಗಬಹುದು. ಒಪ್ಪಂದದಲ್ಲಿ ಮೇಲ್ಮನವಿ ಬಿಟ್ಟುಕೊಡುವ ಸಾಲಿದ್ದರೆ ಅದನ್ನೂ ಓದಿ ಹೇಳಬೇಕು. ಸಾಲು ಇರಲಿ ಇಲ್ಲದಿರಲಿ, ಉತ್ತರ ಕೊಟ್ಟ ಮಾತ್ರಕ್ಕೇ ಹಿಂದಿನ ದೋಷಗಳ ಬಗ್ಗೆ ಬಾಯಿ ಮುಚ್ಚುತ್ತದೆ, ಇನ್ನೂ ತಿಳಿಯದ ದೋಷಗಳೂ ಅದರಲ್ಲಿ ಸೇರಿವೆ ಎಂಬುದು ಆ ಪಟ್ಟಿಯಲ್ಲಿ ಇಲ್ಲ.